ಸರ್ ಪ್ರಕಾರ

ನಿನ್ನೆ ಮಧ್ಯಾಹ್ನ ಮ್ಯಾಂಗನೀಸಿನ ಲೆಕ್ಕ ತಪ್ಪಿದಾಗಿನಿಂದ ಶಂಭುಲಿಂಗನಿಗೆ ಯಾವ ಚೀಲ ಕಂಡರೂ ನಾಚಿಕೆಯಾಗುತ್ತಿತ್ತು. ಇವತ್ತೋ ಸೋಮವಾರ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದ ದಿನ. ಊರಲ್ಲಿ ಮನುಷ್ಯರಿಗಿಂತ ಚೀಲಗಳೇ ಹೆಚ್ಚು. ಕೋಲ್ಡ್ ಸ್ಟೋರೇಜಿನಿಂದ ಬಂದ ಲಾರಿಗಳ ಬೆನ್ನಿಗೆ ನಿಂತು ಹಮಾಲರು ಇಳಿಸುತ್ತಿದ್ದರು, ಮೇಲಿನದು ಮೊದಲು, ಕೆಳಗಿನದು ಆಮೇಲೆ. ಹಾಗೆ ಇಳಿಯುವ ಒಂದೊಂದು ಚೀಲವೂ, ಏನ್ರಿ ಮಾಸ್ತರ, ಆರಾಮದೀರಿ, ಎಂದು ತನ್ನನ್ನು ಕೇಳಿದ ಹಾಗೆ ಅವನಿಗೆ ಅನ್ನಿಸಿತು. ಹುಚ್ಚು ಹಿಡಿಯುವುದೆಂದರೆ ಹೀಗೇ ಇರಬೇಕು, ಯಾರಿಗೂ ಗೊತ್ತಾಗದ ಹಾಗೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡು. ಐವತ್ತು ವರ್ಷ ಇದೇ ಘಾಟಿನಲ್ಲಿ ಉಸಿರಾಡಿ ಒಂದು ದಿನವೂ ಸೀನದವನು ಇವತ್ತು ಬೆಳಿಗ್ಗೆ ಮೂರು ಸಲ ಸೀನಿದ. ದಿನವೂ ಬಸ್ಸು ಹತ್ತಿ ಹೋಗಿ ರಾಣೇಬೆನ್ನೂರಿನ ಪಿಯು ಕಾಲೇಜಿನಲ್ಲಿ ಇಪ್ಪತ್ನಾಲ್ಕು ವರ್ಷದಿಂದ ರಸಾಯನಶಾಸ್ತ್ರ ಹೇಳುವವನು ಅವನು. ಹನ್ನೊಂದೂವರೆಗೆ ಸೆಕೆಂಡ್ ಪಿಯು ಕ್ಲಾಸು. ಅಲ್ಲಿ ಕೂತಿರುವ ಅರವತ್ತೆರಡು ಮಕ್ಕಳಿಗೆ ಹೋದ ವರ್ಷ ಫಸ್ಟ್ ಪಿಯುನಲ್ಲಿ ತಾನೇ ಕಲಿಸಿದ್ದು ತಪ್ಪು ಎಂದು ಇವತ್ತು ಬಾಯಿಬಿಟ್ಟು ಹೇಳಬೇಕು, ಇಲ್ಲವೇ ಆ ಪುಟವನ್ನು ಜಾಣತನದಿಂದ ಹಾರಿಸಿಬಿಡಬೇಕು. ಹಾರಿಸುವುದು ಸುಲಭ, ಯಾವ ಮಾಸ್ತರನಿಗೆ ಬರುವುದಿಲ್ಲ ಆ ವಿದ್ಯೆ. ಆದರೆ ಹಾರಿಸಿದರೂ ಹೇಳಿದರೂ ಅದಕ್ಕೆ ಮೊದಲು ಒಬ್ಬಳ ಮುಂದೆ ಹೋಗಿ ನಿಲ್ಲದೆ ಗತಿಯಿಲ್ಲ ಎಂದು ಹಲ್ಲುಜ್ಜುವಾಗ ಅವನಿಗೆ ಹೊಳೆದಿತ್ತು. ಅವಳು ಸಿಮ್ರಾನ, ಹನ್ನೊಂದು ವರ್ಷದ ಹಿಂದಿನ ವಿದ್ಯಾರ್ಥಿನಿ. ಈಗ ಇದೇ ಬೀದಿಯ ಕೊನೆಯಲ್ಲಿ ಮೆಣಸಿನಕಾಯಿಯ ಬಣ್ಣ ಅಳೆಯುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ.

ತಪ್ಪು ಸಿಕ್ಕಿದ್ದಾದರೂ ಹೇಗೆ? ಸೆಕೆಂಡ್ ಪಿಯು ಪಾಠವನ್ನು ಇಷ್ಟು ವರ್ಷ ಹೇಳುತ್ತಿದ್ದವರು ಹಿರಿಯರಾದ ಅಣ್ಣಾಜಿ ಸರ್. ಈ ವರ್ಷ ಅವರು ನಿವೃತ್ತರಾದರು, ಪಾಠ ಶಂಭುಲಿಂಗನ ಪಾಲಿಗೆ ಬಂತು. ಭಾನುವಾರ ಊಟಕ್ಕೆ ಮೊದಲು ಒಂದು ಸಲ ಕಣ್ಣಾಡಿಸೋಣ ಎಂದು ಪುಸ್ತಕ ತೆರೆದ. ಪರಮಾಣುವಿನೊಳಗೆ ಎಲೆಕ್ಟ್ರಾನುಗಳಿಗೆ ಕಂಡಲ್ಲಿ ಕೂಡುವ ಸ್ವಾತಂತ್ರ್ಯವಿಲ್ಲ. ಅವಕ್ಕೆ ಕೋಣೆಗಳಿವೆ, ಒಂದು ಕೋಣೆಯಲ್ಲಿ ಎರಡಕ್ಕಿಂತ ಹೆಚ್ಚು ಇರುವಂತಿಲ್ಲ, ಖಾಲಿ ಕೋಣೆ ಇರುವ ತನಕ ಒಂದೊಂದೇ ಕೂತು ಆಮೇಲೆ ಜೋಡಿಯಾಗಬೇಕು. ಫೋರ್ ಎಸ್ ಅನ್ನುವ ಒಂದು ಕೋಣೆ ಮೊದಲು ತುಂಬುತ್ತದೆ, ಅದರ ನಂತರ ತ್ರೀ ಡಿ ಅನ್ನುವ ಐದು ಕೋಣೆ. ಇಷ್ಟು ಅವನು ಸರಿಯಾಗಿಯೇ ಕಲಿಸಿದ್ದ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದ. ಪ್ರಶ್ನೆ ಇರುವುದು ಬರುವುದರದ್ದಲ್ಲ, ಹೋಗುವುದರದ್ದು. ಲೋಹ ಎರಡು ಎಲೆಕ್ಟ್ರಾನು ಕಳೆದುಕೊಂಡಾಗ ಹೋಗುವ ಎರಡು ಯಾವುವು? ಕೊನೆಗೆ ಬಂದವು ಮೊದಲು ಹೋಗುತ್ತವೆ, ತ್ರೀ ಡಿಯವು, ಎಂದು ಶಂಭುಲಿಂಗ ಇಪ್ಪತ್ನಾಲ್ಕು ವರ್ಷ ಹೇಳಿದ್ದ. ಪುಸ್ತಕದ ಪಟ್ಟಿಯಲ್ಲಿ ಎರಡು ಕಳೆದುಕೊಂಡ ಮ್ಯಾಂಗನೀಸಿಗೆ ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನು ಐದು ಎಂದಿತ್ತು. ಅವನ ಲೆಕ್ಕಕ್ಕೆ ಮೂರೇ ಬಂದವು. ಅಚ್ಚಿನ ತಪ್ಪು, ಅಂದುಕೊಂಡ, ಪೆನ್ನು ತೆಗೆದು ತಿದ್ದಿಯೂ ಬಿಟ್ಟ. ಕೋಬಾಲ್ಟಿಗೆ ಮೂರು ಎಂದಿತ್ತು, ಅವನಿಗೆ ಐದು ಬಂತು. ಮತ್ತೆ ಅಚ್ಚಿನ ತಪ್ಪು. ನಿಕ್ಕಲಿಗೆ ಎರಡು ಎಂದಿತ್ತು, ಅವನಿಗೆ ನಾಲ್ಕು. ಪೆನ್ನು ಅಲ್ಲೇ ನಿಂತಿತು. ಒಂದು ತಪ್ಪಾದರೆ ಅಚ್ಚು ಹಾಕಿದವನದು ಅನ್ನಬಹುದು, ಸಾಲು ಸಾಲೇ ತಪ್ಪಾದರೆ ಯಾರದು? ಹೆಂಡತಿ ಪುಷ್ಪಲತಾ ತಾಟು ತಂದಿಟ್ಟು, "ಯಾಕ್ರಿ, ಮಾರಿ ಹಿಂಗ್ಯಾಕ ಆಗೇತಿ?" ಅಂದಳು. "ಏನಿಲ್ಲ, ಮ್ಯಾಂಗನೀಸು," ಅಂದ. "ಅದೇನಾರ ಆಗ್ಲಿ, ರೊಟ್ಟಿ ಆರತಾವು, ಮೊದಲ ಉಣ್ರಿ," ಅಂದಳು. ಉಂಡ. ಏನು ಉಂಡನೋ ಅವನಿಗೆ ಗೊತ್ತಿಲ್ಲ.

ಕೊನೆಗೆ ಬಂದದ್ದು ಮೊದಲು ಹೋಗುತ್ತದೆ ಎಂದು ಅವನಿಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಹೇಳಿದವನು ಅಪ್ಪ ಸಿದ್ದಲಿಂಗಪ್ಪ, ಕೋಲ್ಡ್ ಸ್ಟೋರೇಜಿನಲ್ಲಿ ಹಮಾಲರ ಮುಖಂಡ, ಸಹಿ ಹಾಕಲು ಮಾತ್ರ ಕಲಿತಿದ್ದವನು. ಸಣ್ಣವನಿದ್ದಾಗ ರಜೆಯಲ್ಲಿ ಅಪ್ಪನ ಜೊತೆ ಹೋಗಿ ಆ ಚಳಿ ಕೋಣೆಗಳ ಬಾಗಿಲಲ್ಲಿ ಹಲ್ಲು ಕಟಕಟಿಸುತ್ತ ನಿಲ್ಲುತ್ತಿದ್ದ. ನೆಲದಿಂದ ಮಾಳಿಗೆಯ ತನಕ ಚೀಲಗಳ ನಿಟ್ಟು. ಯಾವ ಚೀಲ ಎಲ್ಲಿದೆ ಎಂಬ ಲೆಕ್ಕವೆಲ್ಲ ಅಪ್ಪನ ತಲೆಯಲ್ಲಿ. "ನೋಡಲೇ ಶಂಭು, ಇಲ್ಲಿ ಕಡೀಕ ಬಂದದ್ದು ಮೊದಲ ಹೊಂಡತೈತಿ, ಮೊದಲ ಬಂದದ್ದು ಕಡೀತನಕ ಕುಂದರತೈತಿ," ಎಂದು ಹೇಳುವಾಗ ಅವನ ಬಾಯಿಂದ ಬಿಳಿ ಹೊಗೆ ಬರುತ್ತಿತ್ತು. ಮುಂದೆ ಧಾರವಾಡದಲ್ಲಿ ಎಂಎಸ್ಸಿ ಓದುವಾಗ, ಬೇರೆ ಹುಡುಗರು ತಲೆ ಕೆಡಿಸಿಕೊಂಡು ಬಾಯಿಪಾಠ ಮಾಡುವುದನ್ನೆಲ್ಲ ಶಂಭುಲಿಂಗ ಚೀಲಗಳನ್ನು ನೆನೆದು ತಿಳಿದುಕೊಂಡ, ಮತ್ತು ಹಾಗೆ ತಿಳಿದುಕೊಂಡದ್ದು ತನ್ನೊಬ್ಬನ ಹೆಚ್ಚುಗಾರಿಕೆ ಎಂದು ಒಳಗೊಳಗೇ ಬೀಗಿದ. ದರಿದ್ರದ ಕಬ್ಬಿಣ ಬೇರೆ ಅವನಿಗೆ ಸಾಕ್ಷಿ ಹೇಳಿಬಿಟ್ಟಿತು. ಅವನು ಯಾವಾಗಲೂ ಕಬ್ಬಿಣವನ್ನೇ ಬೋರ್ಡಿನ ಮೇಲೆ ಬಿಡಿಸುತ್ತಿದ್ದ. ಇಪ್ಪತ್ತಾರು ಎಲೆಕ್ಟ್ರಾನು; ಒಳಗಿನ ಹದಿನೆಂಟು ಯಾರ ಗೋಜಿಗೂ ಬರುವುದಿಲ್ಲ, ಎರಡು ಫೋರ್ ಎಸ್‌ಗೆ, ಆರು ತ್ರೀ ಡಿಗೆ. ಅವನ ಹಾಗೆ ತ್ರೀ ಡಿಯಿಂದ ಎರಡು ತೆಗೆದರೂ ಒಂಟಿ ಉಳಿಯುವುದು ನಾಲ್ಕು. ಪುಸ್ತಕದ ಹಾಗೆ ಫೋರ್ ಎಸ್‌ನ ಎರಡು ತೆಗೆದರೂ ನಾಲ್ಕೇ. ಉತ್ತರ ತಾಳೆಯಾದ ಮೇಲೆ ದಾರಿಯನ್ನು ಯಾರು ತಿರುಗಿ ನೋಡುತ್ತಾರೆ.

ಒಬ್ಬಳು ನೋಡಿದ್ದಳು. ಹಲಗೇರಿಯಿಂದ ಬರುತ್ತಿದ್ದ, ಎರಡನೇ ಬೆಂಚಿನ ತುದಿಯಲ್ಲಿ ಕೂಡುತ್ತಿದ್ದ ಸಿಮ್ರಾನ ಎದ್ದು ನಿಂತು, "ಸರ್, ಪುಸ್ತಕದಾಗ ಬ್ಯಾರೆ ಐತ್ರಿ. ಫೋರ್ ಎಸ್ ಮೊದಲ ಹೋಗತೈತಿ ಅಂತ ಐತ್ರಿ," ಅಂದಿದ್ದಳು. ಅವನು ಪುಸ್ತಕ ಈಸಿಕೊಂಡು ನೋಡಿದ. ಇತ್ತು. ಆ ಒಂದು ಗಳಿಗೆಯಲ್ಲಿ, ಹುಡುಗಿ ಹೇಳಿದ್ದೇ ಸರಿಯಿರಬಹುದೇ ಎಂದು ಅನುಮಾನ ಬಂದದ್ದು ಈಗಲೂ ನೆನಪಿದೆ. ಆ ಅನುಮಾನವನ್ನು ಮುಚ್ಚಲಿಕ್ಕೇ ಅವನು ನಕ್ಕದ್ದು. "ಇದು ಮುದ್ರಣದೋಷ. ಎಲ್ಲಾರೂ ಪೆನ್ನು ತಗೀರಿ, ತಿದ್ದಿಕೊಳ್ರಿ," ಎಂದು ಅರವತ್ತು ಪುಸ್ತಕಗಳಲ್ಲಿ ಸರಿಯಿದ್ದ ಸಾಲನ್ನು ಹೊಡೆದು ಹಾಕಿಸಿದ. ಸಿಮ್ರಾನ ಮಾತ್ರ ಹೊಡೆದು ಹಾಕಲಿಲ್ಲ. ಪೆನ್ನು ಹಿಡಿದು ಸುಮ್ಮನೆ ನಿಂತಿದ್ದಳು. ಹೊಡೆದು ಹಾಕಿದ್ದರೆ ಅವನೂ ಸುಮ್ಮನಾಗುತ್ತಿದ್ದನೇನೋ. "ಹಂಗಾರ ನೀ ಪುಸ್ತಕದ ಕಡಿಂದನ ಪಾಠ ಹೇಳಿಸ್ಕೋ ಹೋಗವಾ, ನಾ ಯಾಕ ಬೇಕು ನಿನಗ," ಅಂದ, ಕ್ಲಾಸು ನಕ್ಕಿತು, ಆ ನಗು ಅವನಿಗೆ ರುಚಿಸಿತು, ರುಚಿಸಿದ್ದರಿಂದ ಇನ್ನೂ ಒಂದು ಹೆಜ್ಜೆ ಹೋಗಿ, ಎರಡು ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣವನ್ನು ತಾನು ಹೇಳಿದಂತೆ ನೂರು ಸಲ ಬರೆದುಕೊಂಡು ಬಾ ಎಂದ. ಮರುದಿನ ತಂದಿದ್ದಳು. ಹಾಳೆಯ ಮೇಲೆ ಹಾಳೆ, ಒಂದೇ ಅಳತೆಯ ಅಕ್ಷರ, ನೂರಕ್ಕೆ ಒಂದೂ ಕಡಿಮೆಯಿಲ್ಲ. ಅವನು ಎಣಿಸಿ ನೋಡಿ ಕೆಂಪು ಶಾಯಿಯಲ್ಲಿ ಸಹಿ ಹಾಕಿದ. ಎಣಿಸಿ ನೋಡಿದ್ದನಲ್ಲ, ಥೂ.

ಲ್ಯಾಬಿನ ಬಾಗಿಲು ಆಗಷ್ಟೇ ತೆರೆದಿತ್ತು. ಒಳಗೆ ಅಸಿಟೋನಿನ ವಾಸನೆ, ಕಪಾಟಿನಲ್ಲಿ ಸಾಲಾಗಿ ಕಂದು ಬಾಟಲಿಗಳು. ಹಿಂದಿನ ದಿನ ನೆನೆಹಾಕಿದ ಮೆಣಸಿನಕಾಯಿ ಪುಡಿ ಅವುಗಳಲ್ಲಿ ಬಣ್ಣ ಬಿಟ್ಟುಕೊಂಡು ಕೂತಿತ್ತು. ಬೆಳಕು ಹಾಯಿಸಿ ಎಷ್ಟು ಬಣ್ಣವಿದೆ ಎಂದು ಹೇಳುವ ಯಂತ್ರವನ್ನು ಒರೆಸುತ್ತಿದ್ದ ಸಿಮ್ರಾನ ತಿರುಗಿ ನೋಡಿ, "ಅಯ್ಯ, ಸರ್! ಬರ್ರಿ, ಬರ್ರಿ. ಕುಂದರ್ರಿ. ಸ್ಯಾಂಪಲ್ ತಂದೀರೇನ್ರಿ?" ಅಂದಳು. ಎರಡು ವರ್ಷದಿಂದ ಇದೇ ಬೀದಿಯಲ್ಲಿ ಕಂಡಾಗಲೆಲ್ಲ ನಮಸ್ಕಾರ ಮಾಡುತ್ತಾಳೆ, ಅವನು ತಲೆಯಾಡಿಸಿ ಬಸ್ಸಿಗೆ ತಡವಾದವನಂತೆ ನಡೆದುಬಿಡುತ್ತಾನೆ. "ಇಲ್ಲವಾ. ನಾ ಬ್ಯಾರೆ ಕೆಲಸಕ್ಕ ಬಂದೇನಿ," ಎಂದು ನಿಂತೇ ಇದ್ದ. ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅಸಿಟೋನಿನ ಹಾಗೆ ಆರಿಹೋಗಿತ್ತು. "ನೀ ಅವತ್ತ ಹೇಳಿದ್ದು ಖರೇ ಇತ್ತು ಸಿಮ್ರಾನ. ಕಬ್ಬಿಣದ್ದು. ಫೋರ್ ಎಸ್ ಮೊದಲ ಹೋಗತೈತಿ. ಖರೇ ಹೇಳಿದ ಹುಡುಗಿ ಕಡಿಂದ ನೂರು ಸಲ ಸುಳ್ಳು ಬರಿಸಿದೆ ನಾ. ತಪ್ಪಾತು," ಅಂದ.

ಅವಳು ಸಿಟ್ಟಾಗಬಹುದು, ಅಳಬಹುದು, ಇರಲಿ ಬಿಡ್ರಿ ಸರ್ ಎಂದು ದೊಡ್ಡ ಮನಸ್ಸು ಮಾಡಬಹುದು. ಈ ಮೂರಕ್ಕೂ ಅವನು ತಯಾರಾಗಿದ್ದ. ಅವಳ ಮುಖದಲ್ಲಿ ಕಂಡದ್ದು ಗಾಬರಿ. "ಅಯ್ಯೋ ಸರ್, ನಿಮಗ ಯಾರು ಹೇಳಿದ್ರಿ?" ಅಂದಳು. "ಯಾವ ಬ್ಯಾಚಿನವರು ಬಾಯಿ ಬಿಟ್ರು?"

"ಯಾವ ಬ್ಯಾಚು? ಏನು ಬಾಯಿ?"

"ಅಲ್ರಿ..." ಎಂದು ತಡೆದಳು. ಒರೆಸುವ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಮೇಲೆ, ಇನ್ನು ಮುಚ್ಚಿಟ್ಟು ಉಪಯೋಗವಿಲ್ಲ ಎಂದು ಕಂಡಿರಬೇಕು, ಕುರ್ಚಿಯನ್ನು ಅವನ ಮೊಣಕಾಲಿಗೆ ತಾಗುವಂತೆ ತಂದಿಟ್ಟಳು. "ಮೊದಲ ಕುಂದರ್ರಿ. ಕುಂತರ ಹೇಳತೇನಿ," ಅಂದಳು. ಅವನು ಕೂತ.

"ಸುಳ್ಳ್ಯಾಕ ಹೇಳ್ಲಿ ಸರ್, ಮೊದಲ ಸಿಟ್ಟಿನಾಗ ಮಾಡಿದ್ದು ಅದು. ನೂರು ಸಲ ಬರದ ಕೈ ನೋಯಾಕತ್ತಿತ್ತು. ನೋಟ್‌ಬುಕ್ಕಿನ ಕಡೀ ಹಾಳಿಗೆ ನಡುವ ಒಂದು ಗೆರಿ ಹೊಡದೆ. ಈ ಕಡೆ 'ಸರ್ ಪ್ರಕಾರ' ಅಂತ ಬರದೆ, ಆ ಕಡೆ 'ಖರೇ' ಅಂತ ಬರದೆ. ಇಡೀ ಕ್ಲಾಸಿಗೆ ತೋರಿಸಿದೆ. ಎಲ್ಲಾರೂ ಕಾಪಿ ಮಾಡ್ಕೊಂಡ್ರು. ನೀವು ಕಬ್ಬಿಣ ಅಂದ್ರ ಸಾಕ್ರಿ, ಹಿಂದಿನ ಬೆಂಚಿನವರು ಕಿಸಕ್ ಅಂತಿದ್ರು. ನನಗ ಭಾಳ ಖುಷಿ ಆಗತಿತ್ತು." ಅವಳು ಅವನ ಕಡೆ ನೋಡದೆ ಹೇಳುತ್ತಿದ್ದಳು. "ಆಮ್ಯಾಲ ನಿಮ್ಮಪ್ಪಾರು ತೀರ್ಕೊಂಡ್ರು. ಪರೀಕ್ಷಾ ಹತ್ರ ಇತ್ತು ಅಂತ ನಾಲ್ಕನೇ ದಿನಕ್ಕ ಬಂದ್ರಿ ನೀವು. ಬಂದವರು ಕಬ್ಬಿಣಾನ ಬರದ್ರಿ. ಕಡೀಕ ಬಂದದ್ದು ಮೊದಲ ಹೋಗತೈತಿ, ಇದನ್ನ ನಮ್ಮಪ್ಪ ನನಗ ಕಲಿಸಿದ್ದು ಅಂದ್ರಿ. ಅಂದು ಬೋರ್ಡಿನ ಕಡೆ ಮಾರಿ ಮಾಡಿ ನಿಂತ್ರಿ. ಭಾಳೊತ್ತು ತಿರುಗಲಿಲ್ಲ. ಅವತ್ತ ಯಾರೂ ನಗಲಿಲ್ರಿ ಸರ್."

ಅವನಿಗೆ ಆ ದಿನ ನೆನಪಿತ್ತು. ಸೀಮೆಸುಣ್ಣದ ಪುಡಿ ಕಣ್ಣಿಗೆ ಹೋಯಿತು ಎಂದು ಹೇಳಿ ತಿರುಗಿದ್ದ, ಮಕ್ಕಳು ನಂಬಿದರು ಅಂದುಕೊಂಡಿದ್ದ.

"ಕ್ಲಾಸ್ ಬಿಟ್ಟ ಮ್ಯಾಲ ನಾನ ಎಲ್ಲಾರನ್ನೂ ನಿಲ್ಲಿಸಿದೆ. ಇದು ಸರ್ ತಪ್ಪಲ್ಲ, ಅವರಪ್ಪಾರು ಕೊಟ್ಟು ಹೋದದ್ದು, ಇದನ್ನ ಯಾರೂ ಅವರ ಕೈಯಿಂದ ಕಸೀಬ್ಯಾಡ್ರಿ ಅಂದೆ. ಕೆಳಗಿನ ಕ್ಲಾಸಿನಾಗ ಸರ್ ಪ್ರಕಾರ ಬರಿಯೋದು, ಸೆಕೆಂಡ್ ಇಯರ್‌ಗೆ ಮ್ಯಾಲ ಹೋದ ಮ್ಯಾಲ ಖರೇ ಬರಿಯೋದು ಅಂತ ಆತು. ನೋಟ್ಸ್ ಮುಂದಿನ ಬ್ಯಾಚಿಗೆ ಕೊಡತೀವಲ್ರಿ, ಕೊಡುವಾಗ ಕಡೀ ಹಾಳಿ ಹರೀಬಾರದು. ಅಷ್ಟ ನೋಡ್ರಿ. ಅಣ್ಣಾಜಿ ಸರ್‌ಗೂ ಗೊತ್ತಿತ್ರಿ, ನಮಗಿಂತ ಮೊದಲ ಗೊತ್ತಿತ್ತು. ಅವರು ಸೆಕೆಂಡ್ ಇಯರ್‌ನಾಗ ಒಂದು ತಾಸು ತಗೊಂಡು ಎಲ್ಲಾರಿಗೂ ಸರಿ ಮಾಡಿ ಹೇಳಿ, ಮ್ಯಾಲಿನ ಕ್ಲಾಸಿನ ಮಾತು ಮೆಟ್ಟಲ ಇಳೀಬಾರದು ಅಂತಿದ್ರು."

"ಅಂದ್ರ ಹನ್ನೊಂದು ವರ್ಷದಿಂದ..." ಅಂದ.

"ಎಲ್ಲಾರಿಗೂ ಗೊತ್ತೈತ್ರಿ ಸರ್," ಅಂದಳು ಸಿಮ್ರಾನ. ಆಮೇಲೆ ಅವಳು ಹಳೆಯ ಕ್ಲಾಸಿನ ಹುಡುಗಿಯ ಹಾಗೆ, ಅನುಮತಿ ಕೇಳುವ ದನಿಯಲ್ಲಿ, "ಒಂದು ಮಾತು ಹೇಳ್ಲೇನ್ರಿ?" ಅಂದಳು. "ನಿಮ್ಮಪ್ಪಾರು ತಪ್ಪು ಹೇಳಿಲ್ರಿ. ಸ್ಯಾಂಪಲ್ ತರಾಕ ನಾನೂ ಕೋಲ್ಡ್ ಸ್ಟೋರೇಜಿಗೆ ಹೋಗತೇನಿ. ಅಲ್ಲಿ ಕಡೀಕ ಬಂದ ಚೀಲ ಮೊದಲ ಹೋಗೋದು ಯಾಕ್ರಿ? ಕಡೀಕ ಬಂತು ಅಂತಲ್ಲ, ಬಾಗಿಲ ಹತ್ರ ಐತಿ ಅಂತ. ಕಬ್ಬಿಣದಾಗ ಬಾಗಿಲ ಹತ್ರ ಇರೋದು ಫೋರ್ ಎಸ್. ತ್ರೀ ಡಿ ಹಿಂದಿಂದ ಬಂದ್ರೂ ಒಳಗ ಸರದು ಕುಂದರತಾವು, ನ್ಯೂಕ್ಲಿಯಸ್ ಅವನ್ನ ಗಟ್ಟಿ ಹಿಡಕೊಂಡಿರತೈತಿ. ಹೊರಗಿನ ಎರಡಕ್ಕ ಹಿಡತ ಸಡ್ಲ, ಅವು ಮೊದಲ ಹೋಗತಾವು. ಯಾರು ಯಾವಾಗ ಬಂದ್ರು ಅನ್ನೋದು ಎಲೆಕ್ಟ್ರಾನಿಗೆ ಎಲ್ಲಿ ನೆನಪಿರತೈತ್ರಿ?"

ಇಷ್ಟು ಚೆನ್ನಾಗಿ ಇದನ್ನು ಯಾರೂ ಅವನಿಗೆ ಹೇಳಿರಲಿಲ್ಲ, ಧಾರವಾಡದ ದೊಡ್ಡ ದೊಡ್ಡ ಪ್ರೊಫೆಸರರೂ ಹೇಳಿರಲಿಲ್ಲ. ಅವಳ ಮಾತು ಮುಗಿಯುವ ಮೊದಲೇ ಅವನಿಗೆ ಆ ಚಳಿ ಕೋಣೆ ನೆನಪಾಯಿತು, ಮತ್ತು ಇಷ್ಟು ವರ್ಷ ನೆನಪಾಗದೇ ಉಳಿದಿದ್ದ ಒಂದು ಬೈಗುಳವೂ ನೆನಪಾಯಿತು. ತಾನು ನಿಟ್ಟಿನ ನಡುವಿನ ಒಂದು ಚೀಲದ ಕಿವಿ ಹಿಡಿದು ಜಗ್ಗುತ್ತಿದ್ದಾಗ ಅಪ್ಪ ಓಡಿ ಬಂದು ಕೈಮೇಲೆ ಹೊಡೆದು, "ಒಳಗಿಂದಕ್ಕ ಕೈ ಹಚ್ಚಬ್ಯಾಡಲೇ, ನಿಟ್ಟು ಮೈಮ್ಯಾಲ ಬೀಳತೈತಿ, ಬಾಗಿಲ ಕಡೀದು ತಗಿ!" ಅಂದಿದ್ದ. ಅಪ್ಪ ಎರಡೂ ಹೇಳಿದ್ದ. ಮಗ ಒಂದನ್ನು ಮಾತ್ರ ಇಟ್ಟುಕೊಂಡ, ಪ್ರೀತಿಯಿಂದ ಹೇಳಿದ್ದನ್ನು ಇಟ್ಟುಕೊಂಡ, ಹೊಡೆದು ಹೇಳಿದ್ದನ್ನು ಬಿಟ್ಟ. ಸಹಿ ಮಾತ್ರ ಬರುತ್ತಿದ್ದ ಸಿದ್ದಲಿಂಗಪ್ಪನದು ಒಂದು ಅಕ್ಷರವೂ ತಪ್ಪಿರಲಿಲ್ಲ. ಶಂಭುಲಿಂಗ ಕನ್ನಡಕ ತೆಗೆದು ಒರೆಸಿಕೊಂಡ. ಸಿಮ್ರಾನ ಏನೂ ಕಾಣದವಳಂತೆ ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಬಸ್ಸಿಗೆ ತಡ ಆಗತೈತ್ರಿ ನಿಮಗ," ಅಂದಳು ಕೊನೆಗೆ.

ಬಸ್ಸು ಮೋಟೆಬೆನ್ನೂರು ದಾಟುವ ತನಕ ಅವನಿಗೆ ಕೃತಜ್ಞತೆ ಗಿತಜ್ಞತೆ ಏನೂ ಇರಲಿಲ್ಲ, ಇದ್ದದ್ದು ಸಿಟ್ಟು. ಎಲ್ಲರಿಗೂ ಗೊತ್ತಿತ್ತು! ತಾನು ಬೋರ್ಡಿನ ಮೇಲೆ ಬರೆಯುವಾಗ ಬೆನ್ನ ಹಿಂದೆ ಅರವತ್ತು ಮಂದಿ ಒಬ್ಬರನ್ನೊಬ್ಬರು ನೋಡಿಕೊಂಡರು, ವರ್ಷಕ್ಕೆ ಅರವತ್ತು, ಹನ್ನೊಂದು ವರ್ಷ. ಕಬ್ಬಿಣದ ಬಗ್ಗೆ ಯಾರೂ ಒಂದು ಸಂಶಯವನ್ನೂ ಕೇಳುವುದಿಲ್ಲ, ನಾ ಹೇಳಿದ್ದು ಹಂಗ ತಲಿಗೆ ಹೋಗತೈತಿ, ಎಂದು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಹೇಳಿಕೊಂಡಿದ್ದ, ಅಣ್ಣಾಜಿ ಸರ್ ಆಗ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ, ಹೌದೌದು ಅಂದಿದ್ದರು. ಅವರ ಬಿಸ್ಕೀಟಿನ ಮೇಲೂ ಸಿಟ್ಟು ಬಂತು. ಒಂದು ಮಾತು ಕರೆದು ಹೇಳಬಾರದಿತ್ತೇ? ಹೇಳಿದ್ದರೆ ತಾನು ಕೇಳುತ್ತಿದ್ದೆನೇ? ಪುಸ್ತಕ ಹೇಳಿದ್ದನ್ನೇ ಕೇಳಲಿಲ್ಲವಲ್ಲ, ಪ್ರತಿ ವರ್ಷವೂ ಮಕ್ಕಳ ಪೆನ್ನಿನಿಂದ ಹೊಡೆದು ಹಾಕಿಸಿದೆನಲ್ಲ. ಕಂಡಕ್ಟರು ಎರಡು ಸಲ ಟಿಕೆಟ್ ಕೇಳಿ ಮೂರನೇ ಸಲ ಭುಜ ತಟ್ಟಿದ. ಟಿಕೆಟ್ ತೆಗೆದುಕೊಳ್ಳುವಾಗ ಅವನಿಗೆ ಎರಡು ವರ್ಷದ ಹಿಂದೆ ತಪಾಸಣೆಗೆ ಬಂದ ಅಧಿಕಾರಿಯ ನೆನಪು ಬಂತು. ಆ ಮನುಷ್ಯ ನೇರ ಕ್ಲಾಸಿಗೆ ಬಂದು, ಎರಡು ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣದ ವಿನ್ಯಾಸ ಹೇಳಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದ್ದ. ಒಬ್ಬರೂ ಹೇಳಲಿಲ್ಲ. ಎಂಬತ್ತು ತೊಂಬತ್ತು ಅಂಕ ತೆಗೆಯುವ ಹುಡುಗಿಯರು ಕೂಡ ನೆಲ ನೋಡುತ್ತ ನಿಂತರು. ಇದೇನ್ರಿ, ಇಷ್ಟೂ ಹೇಳಿಕೊಟ್ಟಿಲ್ಲೇನ್ರಿ, ಎಂದು ಅಧಿಕಾರಿ ಮುಖ ಸಿಂಡರಿಸಿ ಹೋದ ಮೇಲೆ ಶಂಭುಲಿಂಗ, "ನನ್ನ ಮರ್ಯಾದಿ ತೆಗದ್ರೆಲ್ಲೋ!" ಎಂದು ಕೂಗಿ ಇಡೀ ಕ್ಲಾಸನ್ನು ಇಡೀ ತಾಸು ನಿಲ್ಲಿಸಿದ್ದ. ನಿಂತರು. ಗೊಣಗಲಿಲ್ಲ. ಖರೇ ಹೇಳಿದರೆ, ಅದು ತಪ್ಪು ಎಂದು ನಡುವೆ ಬಾಯಿ ಹಾಕಿ ಸರ್ ಸಿಕ್ಕಿಬೀಳುತ್ತಾರೆ, ಸರ್ ಪ್ರಕಾರ ಹೇಳಿದರೂ ಸಿಕ್ಕಿಬೀಳುತ್ತಾರೆ. ಅದಕ್ಕೇ ಅವರು ದಡ್ಡರಾಗಿ ನಿಂತರು. ಹದಿನೇಳು ವರ್ಷದ ಮಕ್ಕಳು, ಒಬ್ಬರಿಗೊಬ್ಬರು ಹೇಳಿಕೊಳ್ಳಲೂ ಸಮಯವಿರಲಿಲ್ಲ, ಆದರೂ ಒಬ್ಬರೂ ತಪ್ಪಲಿಲ್ಲ. ಅವರ ಮರ್ಯಾದೆ ಹೋಗಿತ್ತು, ಅವನದು ಉಳಿದಿತ್ತು, ಮತ್ತು ಅವನು ಅವರನ್ನೇ ಬೈದಿದ್ದ.

ಕಿಟಕಿಯಾಚೆ ಗೋವಿನಜೋಳದ ಹೊಲಗಳು ಹಿಂದಕ್ಕೆ ಹೋಗುತ್ತಿದ್ದವು. ಒಬ್ಬರ ಮನೆಯಲ್ಲಿ ಹಾಲು ಉಕ್ಕಿದರೆ 'ಯಾಕ್ರಿ ಉಕ್ಕಿತು' ಎಂದು ಮೂರು ಓಣಿಯವರು ಕೇಳುವ ಊರು ರಾಣೇಬೆನ್ನೂರು. ಆ ಊರಿನಲ್ಲಿ ಆರುನೂರು ಚಿಲ್ಲರೆ ಮಕ್ಕಳು ಒಂದು ಗುಟ್ಟನ್ನು ಕೈಯಿಂದ ಕೈಗೆ ದಾಟಿಸಿದ್ದಾರೆ, ನೆಲಕ್ಕೆ ಬೀಳಗೊಡದೆ. ಅವರಲ್ಲಿ ಎಷ್ಟು ಮಂದಿಯ ಹೆಸರು ಅವನಿಗೆ ನೆನಪಿದೆ? ಬಜಾರದಲ್ಲಿ ಎದುರಾಗಿ ನಮಸ್ಕಾರ್ರಿ ಸರ್ ಅನ್ನುವವರು, ಔಷಧದ ಅಂಗಡಿಯಲ್ಲಿ ಬೇಡವೆಂದರೂ ಕುರ್ಚಿ ಕೊಡುವವರು, ಬಸ್ಸಿನಲ್ಲಿ ಎದ್ದು ನಿಲ್ಲುವವರು. ಅವರೆಲ್ಲ ತನ್ನ ವಿದ್ಯೆಗೆ ತಲೆಬಾಗುತ್ತಾರೆ ಎಂದುಕೊಂಡು ಎದೆಯುಬ್ಬಿಸಿ ನಡೆದಿದ್ದನಲ್ಲ. ಅವನಿಗೆ ಏನು ಗೊತ್ತಿಲ್ಲ ಎಂಬುದು ಅವರಿಗೆ ಸರಿಯಾಗಿ ಗೊತ್ತಿತ್ತು. ಗೊತ್ತಿದ್ದೂ ಎದ್ದು ನಿಂತರು. ಇದಕ್ಕಿಂತ ದೊಡ್ಡದು ಯಾವ ಮಾಸ್ತರನಿಗೆ ಸಿಕ್ಕಿದೆ? ಸಿಟ್ಟು ಯಾವಾಗ ಹೋಯಿತೋ ಅವನಿಗೆ ತಿಳಿಯಲಿಲ್ಲ. ಅವನಿಗೆ ಒಬ್ಬೊಬ್ಬರ ಮನೆಗೂ ಹೋಗಿ ಕೈಹಿಡಿದುಕೊಳ್ಳಬೇಕು ಅನ್ನಿಸಿತು, ಅಣ್ಣಾಜಿ ಸರ್‌ಗೆ ಒಂದು ಡಬ್ಬಿ ಬಿಸ್ಕೀಟು ಒಯ್ದು ಕೊಡಬೇಕು ಅನ್ನಿಸಿತು. ಇಷ್ಟು ವರ್ಷ ತಾನು ನಿಂತದ್ದು ತನ್ನ ಕಾಲಿನ ಮೇಲೆ ಅಂದುಕೊಂಡಿದ್ದ. ಯಾರೋ ಹಿಡಿದುಕೊಂಡಿದ್ದರು. ಪುಟ ಹಾರಿಸುವ ಜಾಣತನ ಮಾಡಿದರೆ ಇನ್ನೂ ಎಂಟು ಹತ್ತು ವರ್ಷ, ನಿವೃತ್ತಿಯಾಗುವ ತನಕ, ಹೀಗೇ ಹಿಡಿದುಕೊಂಡಿರುತ್ತಾರೆ ಪಾಪ. ಸಾಕು, ಅಂದ ಶಂಭುಲಿಂಗ, ಜೋರಾಗಿಯೇ ಅಂದುಬಿಟ್ಟನೇನೋ, ಪಕ್ಕದ ಹೆಂಗಸು ತನ್ನ ಚೀಲವನ್ನು ಸ್ವಲ್ಪ ಆಚೆ ಸರಿಸಿಕೊಂಡಳು.

ಹನ್ನೊಂದೂವರೆಗೆ ಮೆಟ್ಟಿಲು ಹತ್ತಿದ. ಮೇಲಿನ ಕ್ಲಾಸಿನಲ್ಲಿ ಅರವತ್ತೆರಡು ಮಂದಿ ಎದ್ದು ನಿಂತು ಕೂತರು, ಹೋದ ವರ್ಷ ಕೆಳಗೆ ಕೂತಿದ್ದವರೇ. ಅವನು ಏನೂ ಹೇಳದೆ ಬೋರ್ಡಿನ ಮೇಲೆ ಕಬ್ಬಿಣ ಎಂದು ಬರೆದ, ಎರಡು ಎಲೆಕ್ಟ್ರಾನು ಕಳೆದುಕೊಂಡ ಮೇಲೆ ಅದರ ವಿನ್ಯಾಸವನ್ನು ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದ. ಬೆಂಚುಗಳ ನಡುವೆ ನಡೆದ. ತಲೆಗಳು ಬಗ್ಗಿದ್ದವು, ಪೆನ್ನುಗಳು ಓಡುತ್ತಿದ್ದವು. ತ್ರೀ ಡಿ ನಾಲ್ಕು, ಫೋರ್ ಎಸ್ ಎರಡು. ತ್ರೀ ಡಿ ನಾಲ್ಕು, ಫೋರ್ ಎಸ್ ಎರಡು. ಒಂದೊಂದೇ ಬೆಂಚು ದಾಟಿದ, ಎಲ್ಲ ಕಡೆ ಅದೇ. ಮೇಲಿನ ಕ್ಲಾಸಿಗೆ ಬಂದ ಮೇಲೆ ಖರೇ ಬರೆಯುವುದು ರೂಢಿ. ಆದರೆ ಸರ್ ತಾವೇ ಮೇಲೆ ಬಂದುಬಿಟ್ಟಿದ್ದಾರಲ್ಲ, ಹಾಗಾಗಿ ಈ ವರ್ಷವೂ ಸರ್ ಪ್ರಕಾರವೇ ಎಂದು ಮಕ್ಕಳು ತೀರ್ಮಾನ ಮಾಡಿಕೊಂಡಿದ್ದರು. ಐರಣಿಯಿಂದ ಬರುವ ಮುದುಕವ್ವ, ಅಜ್ಜಿಯ ಹೆಸರು ಹೊತ್ತು ಗೆಳತಿಯರಿಂದ ದಿನವೂ ಕಾಡಿಸಿಕೊಳ್ಳುವ ಹುಡುಗಿ, ಅವನು ಹತ್ತಿರ ಬಂದ ಕೂಡಲೇ ನೋಟ್‌ಬುಕ್ಕಿನ ಕೊನೆಯ ಹಾಳೆಯ ಮೇಲೆ ಮೊಣಕೈ ಊರಿದಳು. ಮೊಣಕೈ ಅಡಿಯಿಂದ ಒಂದು ಉದ್ದ ಗೆರೆ ಮಾತ್ರ ಹೊರಗೆ ಕಾಣುತ್ತಿತ್ತು. ಅವನು ಬೇರೆ ಕಡೆ ನೋಡಿದ.

ಬೋರ್ಡಿನ ಹತ್ತಿರ ಬಂದು ತಿರುಗಿ ನಿಂತ. "ನೀವೆಲ್ಲ ಬರದದ್ದು ತಪ್ಪು," ಅಂದ. "ನಿಮ್ಮ ತಪ್ಪಲ್ಲ. ಹೋದ ವರ್ಷ ನಾ ಕಲಿಸಿದ್ದ ತಪ್ಪು. ಬರೇ ಹೋದ ವರ್ಷ ಅಲ್ಲ, ಇಪ್ಪತ್ನಾಲ್ಕು ವರ್ಷ ತಪ್ಪು ಕಲಿಸೇನಿ. ಪುಸ್ತಕ ಸರಿ ಐತಿ. ನಿಮ್ಮ ಕಡಿಂದ ಹೊಡದು ಹಾಕಿಸಿದ್ನಲ್ಲಾ, ಆ ಸಾಲು ಸರಿ ಐತಿ. ನಿನ್ನೆ ಗೊತ್ತಾತು ನನಗ." ಅವನು ತ್ರೀ ಡಿ ಆರು, ಫೋರ್ ಎಸ್ ಎರಡು ಎಂದು ಬರೆದು ಫೋರ್ ಎಸ್‌ನ ಎರಡನ್ನು ಕೈಯಿಂದಲೇ ಒರೆಸಿದ. ಕೊನೆಗೆ ಬಂದದ್ದಲ್ಲ, ಬಾಗಿಲ ಹತ್ತಿರ ಇರುವುದು ಮೊದಲು ಹೋಗುತ್ತದೆ ಎಂದ; ಒಳಗೆ ಕೂತದ್ದನ್ನು ನ್ಯೂಕ್ಲಿಯಸ್ ಹೇಗೆ ಹಿಡಿದಿರುತ್ತದೆ ಎಂದು ಹೇಳಿದ; ಇದನ್ನು ತನಗೆ ಇವತ್ತು ಬೆಳಿಗ್ಗೆ ಕಲಿಸಿದವಳು ಸಿಮ್ರಾನ ಎಂಬ ಹಳೆಯ ವಿದ್ಯಾರ್ಥಿನಿ, ಅದಕ್ಕೂ ಮೊದಲು ಕಲಿಸಿದವನು ತನ್ನ ಅಪ್ಪ, ತಾನೇ ಅರ್ಧ ಕೇಳಿಸಿಕೊಂಡದ್ದು ಎಂದೂ ಹೇಳಿದ. ಮ್ಯಾಂಗನೀಸು, ಕೋಬಾಲ್ಟು, ನಿಕ್ಕಲ್ಲು, ಎಲ್ಲ ಪುಸ್ತಕದ ಹಾಗೇ ಬಂದವು. ಕೈಗೆ ಹತ್ತಿದ ಸುಣ್ಣವನ್ನು ಒರೆಸಿಕೊಳ್ಳುತ್ತ ಅವರನ್ನು ನೋಡಿದ. ಇವರಿಗೆ ಹೇಗೆ ಹೇಳುವುದು, ನೀವು ಮಾಡಿದ್ದು ನನಗೆ ಗೊತ್ತಾಗಿದೆ, ನಿಮ್ಮ ಋಣ ನನ್ನ ಮೇಲಿದೆ ಎಂದು? ಬೇರೆ ದಾರಿ ಹೊಳೆಯದೆ ಕೇಳಿದ.

"ಖರೇ ಹೇಳ್ರಿ. ನಾ ಸಿಟ್ಟಾಗೂದಿಲ್ಲ. ಇದು ಮೊದಲ ಗೊತ್ತಿದ್ದವರು ಕೈ ಎತ್ರಿ."

ಯಾರೂ ಕೈ ಎತ್ತಲಿಲ್ಲ. ಶಂಭುಲಿಂಗ ಮೊದಲ ಬೆಂಚಿನಿಂದ ಕೊನೆಯ ಬೆಂಚಿನ ತನಕ ಒಂದೊಂದು ಮುಖವನ್ನೂ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಕಣ್ಣು ತಪ್ಪಿಸದೆ.

"ಒಬ್ಬರಿಗೂ ಗೊತ್ತಿರಲಿಲ್ಲೇನು?"

ಮುದುಕವ್ವ ಎದ್ದು ನಿಂತಳು. "ಇಲ್ರಿ ಸರ್," ಅಂದಳು. "ನಮಗೂ ಇವತ್ತ ಗೊತ್ತಾತ್ರಿ."

ಅವನ ಎರಡೂ ಕೈ ತಾವಾಗಿಯೇ ಎದೆಯ ಹತ್ತಿರ ಬಂದು ಜೋಡಿಸಿಕೊಂಡವು, ಸುಣ್ಣದ ಕೈಗಳೇ. ಮಕ್ಕಳು ಏನೂ ಅರ್ಥವಾಗದವರಂತೆ ಕೂತಿದ್ದರು.

"ಹಂಗಾರ ಬರಕೋರಿ," ಅಂದ ಶಂಭುಲಿಂಗ.

ಅರವತ್ತೆರಡು ಮಂದಿಯೂ, ಈಗಷ್ಟೇ ಮೊದಲ ಸಲ ಕೇಳಿದವರ ಹಾಗೆ, ತಲೆ ಬಗ್ಗಿಸಿ ಬರೆದುಕೊಂಡರು.